ಒಂದು ಚಿಟಿಕೆ ಈಸ್ಟ್

ಅಕ್ಕ ಬಂದಾಗಲೆಲ್ಲ ಅವಳ ಬಲಗಿವಿಗೆ ಮೈದಾ ಮೆತ್ತಿಕೊಳ್ಳುತ್ತಿತ್ತು. ಬಸ್ಸಿಳಿದು ಶಿಕಾರಿಪುರದ ನನ್ನ ಬೇಕರಿಗೆ ಬಂದವಳೇ, ಉಬ್ಬಲು ಇಟ್ಟ ಹಿಟ್ಟಿಗೆ ಕಿವಿ ಕೊಟ್ಟು ಬಗ್ಗುತ್ತಿದ್ದಳು.

"ಸುಮ್ನಿರೋ, ಮಾತಾಡ್ತಾ ಇದಾವೆ."

"ಗಿರಾಕಿ ನೋಡಿದ್ರೆ ನಾಳೆಯಿಂದ ಬನ್ ತಗಳಲ್ಲ ಕಣೇ," ಎಂದು ಬೈಯುತ್ತಿದ್ದೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅವಳು ದೂರದ ಊರಿನ ಲ್ಯಾಬಿನಲ್ಲಿ ಈಸ್ಟ್ ಮೇಲೆ ಸಂಶೋಧನೆ ಮಾಡುತ್ತಿದ್ದಳು. ನನಗೂ ತಿಳಿಯಬೇಕೆಂಬುದು ಅವಳ ಹಟ.

"ಜೀನಿಂದ ಒಂದು ಚೀಟಿ ಹೊರಡುತ್ತೆ ಅನ್ಕ, ನಿನ್ನ ಆರ್ಡರ್ ಚೀಟಿ ಥರ. ಹಣ್ಣಿನ ಮೇಲೆ ತಾನಾಗೇ ಬೆಳೆಯೋ ಕಾಡು ಈಸ್ಟಲ್ಲೂ ನಿನ್ನ ಡಬ್ಬಿ ಈಸ್ಟಲ್ಲೂ ಅಷ್ಟೇ ಚೀಟಿ ಹೊರಟ್ರೂ ಮಾಲು ಅಷ್ಟೇ ಬರಲ್ಲ. ಒಂದರಲ್ಲಿ ಚೀಟಿ ಬೇಗ ಹರಿದುಹೋಗುತ್ತೆ, ಇನ್ನೊಂದರಲ್ಲಿ ಉಳ್ಕಂಡು ಜಾಸ್ತಿ ಕೆಲಸ ಮಾಡಿಸುತ್ತೆ. ಜೀನಲ್ಲಿ ಎಲ್ಲೋ ಒಂಚೂರು ವ್ಯತ್ಯಾಸ, ಅಷ್ಟೇ."

"ಚೀಟಿ ಹರಿಯೋದು ನಮ್ಮಲ್ಲೂ ಐತಿ ಬಿಡು," ಎಂದರೆ ಬೆನ್ನಿಗೆ ಗುದ್ದುತ್ತಿದ್ದಳು.

ಒಮ್ಮೆ ಗುಡವಿ ಕೆರೆಯ ಬಳಿ ಉದುರಿದ್ದ ನೇರಳೆಹಣ್ಣನ್ನು ಬೆಲ್ಲದ ನೀರಿನ ಸೀಸೆಗೆ ಹಾಕಿ, ಅದರಲ್ಲಿನ ಕಾಡು ಈಸ್ಟ್ ಬೆಳೆಯಲೆಂದು ನನ್ನಲ್ಲಿಟ್ಟಳು. "ಮುಟ್ಟಬ್ಯಾಡ, ನೋಡ್ಕ ಅಷ್ಟೇ," ಎಂದು ಹೇಳಿ, ಬೇರೆ ಹಣ್ಣು ಹುಡುಕಲು ಸೊರಬದ ಕಡೆ ಹೋದಳು. ಮಾರನೆಯ ದಿನವೂ ಸೀಸೆಯಲ್ಲಿ ನೊರೆಯಿಲ್ಲ. ಅವಳ ಶ್ರಮ ಹಾಳಾಗುತ್ತದಲ್ಲ ಎನಿಸಿತು. ಹಿಟ್ಟು ಏಳದಿದ್ದರೆ ಬೇಕರಿಯವರು ಮಾಡುವುದನ್ನೇ ಮಾಡಿದೆ. ನನ್ನ ಡಬ್ಬಿಯಿಂದ ಒಂದು ಚಿಟಿಕೆ ಈಸ್ಟ್ ಉದುರಿಸಿದೆ.

ಬೆಳಗಾಗುವಷ್ಟರಲ್ಲಿ ನೊರೆ ಉಕ್ಕಿತ್ತು. ಅಕ್ಕ ಬಂದು ಸೀಸೆಯನ್ನು ಎದೆಗೊತ್ತಿಕೊಂಡು ನಕ್ಕಳು. ಆ ನಗು ಕೆಡಿಸಲು ಮನಸ್ಸು ಬರಲಿಲ್ಲ.

ಎಷ್ಟೋ ತಿಂಗಳ ಮೇಲೆ ಫೋನು ಮಾಡಿದಳು. "ಆ ನೇರಳೆಹಣ್ಣಿಂದೂ ಬೇಕರಿದೂ ಎರಡೂ ಒಂದೇ ಈಸ್ಟ್ ಕಣೋ. ಲ್ಯಾಬಲ್ಲಿ ನಾನೇ ಎಲ್ಲೋ ಕಲಬೆರಕೆ ಮಾಡಿದೀನಿ. ಎಲ್ಲರೂ ಅದನ್ನೇ ಹೇಳ್ತಾರೆ. ಇಷ್ಟು ಗಮನ ಇಲ್ದೋಳು ಈ ಕೆಲಸಕ್ಕೆ ಯಾಕೆ ಬರಬೇಕಿತ್ತು?"

ಅಳುತ್ತಿದ್ದಳು. ನಾನು, "ಊಟ ಮಾಡಿದ್ಯೇನೇ?" ಎಂದೆ. ಅಷ್ಟೇ ಕೇಳಿದ್ದು.

ಮತ್ತೆ ಮೊದಲಿನಿಂದ ಶುರುಮಾಡಬೇಕೆಂದಿದ್ದಳು. ಅಷ್ಟರೊಳಗೆ ಜ್ವರ ಅವಳನ್ನು ಕರೆದುಕೊಂಡು ಹೋಯಿತು.

ಹೋದ ತಿಂಗಳು ಅವಳೊಂದಿಗೆ ಕೆಲಸ ಮಾಡುತ್ತಿದ್ದ ಹುಡುಗಿ ಬಂದಿದ್ದಳು. ಅಕ್ಕನ ಕೆಲಸ ಮುಂದುವರಿಸಬೇಕು, ಆ ನೇರಳೆ ಮರ ತೋರಿಸಿ ಎಂದಳು. ಅವಳೆದುರು ಎಲ್ಲ ಹೇಳಿಬಿಟ್ಟೆ.

"ಹಂಗಾದ್ರೆ ಅಕ್ಕನ ತಪ್ಪು ಏನೂ ಇರ್ಲಿಲ್ಲ, ಅಲ್ವಾ ಅಣ್ಣ?"

"ಏನೂ ಇರ್ಲಿಲ್ಲಮ್ಮ," ಎಂದೆ.

ಹೇಳುವುದು ಇಷ್ಟು ಸುಲಭವಿತ್ತು. ಕೇಳಬೇಕಾದವಳು ಮಾತ್ರ ಇರಲಿಲ್ಲ.