ಬಲಕ್ಕೆ ತಿರುಗಿದ ನವಿಲು

“ಏನ್ ಯಜಮಾನ್ರೇ, ನೀವೂ ಖೋಟಾ ಮಾಲು ಮಾರಕ್ ಸುರು ಮಾಡ್ಬುಟ್ರಾ? ನವಿಲು ಎಡಕ್ ನೋಡ್ಬೇಕು ಕಣಪ್ಪಾ!” ಎನ್ನುತ್ತ, ಹತ್ತು ವರ್ಷಗಳಿಂದ ನಮ್ಮ ನಸ್ಯವನ್ನೇ ಕೊಳ್ಳುತ್ತಿದ್ದ ಅಜ್ಜಿಯೊಬ್ಬರು ಕೊಣನೂರಿನ ಸಂತೆಯಲ್ಲಿ ನನ್ನ ತಂದೆಯವರ ಮುಂದೆ ಪೊಟ್ಟಣವನ್ನು ಎಸೆದರು. ಅದು ಐವತ್ತರ ದಶಕದ ಕೊನೆಯ ಮಾತು.

ಹಸಿರು ಪೊಟ್ಟಣದ ಮೇಲೆ ಎಡಕ್ಕೆ ನೋಡುವ ನವಿಲು ಮೊದಲಿನಿಂದಲೂ ನಮ್ಮ ಗುರುತು. ಓದು ಬಾರದವರು ಅದನ್ನು ನೋಡಿಯೇ ನಮ್ಮ ನಸ್ಯವನ್ನು ಆರಿಸಿಕೊಳ್ಳುತ್ತಿದ್ದರು. ನಮ್ಮಲ್ಲೇ ಕೆಲಸ ಕಲಿತು ಹೋದವನೊಬ್ಬ ಅದೇ ನವಿಲನ್ನು ಅದೇ ಹಸಿರು ಕಾಗದದ ಮೇಲೆ ಅಚ್ಚು ಹಾಕಿಸಿ ತನ್ನ ನಸ್ಯ ಮಾರತೊಡಗಿದ. ಗುರುತನ್ನು ನೋಂದಾಯಿಸದೆ ದಾವೆ ಗೆಲ್ಲುವುದು ಕಷ್ಟವೆಂದು ಹಾಸನದ ವಕೀಲರು ಕೈಚೆಲ್ಲಿದರು. ಬೇರೆ ದಾರಿ ಕಾಣದೆ ತಂದೆಯವರು ನಮ್ಮ ನವಿಲನ್ನು ಬಲಕ್ಕೆ ತಿರುಗಿಸಿದರು. ಅಸಲು ಯಾವುದೆಂದು ಇನ್ನು ಜನರಿಗೆ ತಿಳಿಯುತ್ತದೆ ಎಂದು ನಂಬಿದರು.

“ತಾಯೀ, ಈ ನಸ್ಯ ಅರೆದವನೇ ನಾನು,” ಎಂದರು ತಂದೆ.

“ಎಲ್ರೂ ಅಂಗೇ ಅಂತಾರೆ ಬುಡಪ್ಪ,” ಎಂದ ಅಜ್ಜಿ, ನಾಲ್ಕು ಹೆಜ್ಜೆ ಆಚೆ ತನ್ನ ನಸ್ಯ ಹರಡಿಕೊಂಡು ಕುಳಿತಿದ್ದ ಆ ಹಳೆಯ ಕೆಲಸಗಾರನ ಬಳಿಗೆ ನಡೆದರು. ಅವನು ನಮ್ಮತ್ತ ನೋಡಿ ನಕ್ಕು, ಪೊಟ್ಟಣವನ್ನು ಎರಡೂ ಕೈಗಳಿಂದ ವಿನಯವಾಗಿ ಅವರಿಗೆ ಕೊಟ್ಟ. ಆ ನಗುವನ್ನು ನಾನು ಮರೆತಿಲ್ಲ.

ಆ ದಿನದ ನಂತರ ತಂದೆಯವರು ನಸ್ಯ ಅರೆಯಲಿಲ್ಲ. ನಸ್ಯವನ್ನು ಯಾರು ಬೇಕಾದರೂ ಮಾಡಬಹುದು, ನಮಗಿಂತ ಚೆನ್ನಾಗಿ ಮಾಡಿ ನಮ್ಮನ್ನು ಸೋಲಿಸಲೂಬಹುದು. ಅದಕ್ಕೆ ನನ್ನ ತಕರಾರಿಲ್ಲ. ನಮ್ಮ ಗುರುತನ್ನೇ ಹೊತ್ತು ನಮ್ಮನ್ನು ಖೋಟಾ ಮಾಡಿದ್ದು ಯಾವ ಬಗೆಯ ಪೈಪೋಟಿ ಎಂದು ನನಗೆ ಹೇಳಬಲ್ಲವರು ಈ ವಯಸ್ಸಿನವರೆಗೂ ಸಿಕ್ಕಿಲ್ಲ.