ಒಡೆದ ಬೆಲ್ಲದ ಪಂಚಮಿ

ನಿನ್ನೆಯ ಮಳೆಗೆ ಸಿಂದಗಿಯ ನನ್ನ ಬಾಡಿಗೆ ಕೋಣೆಯಲ್ಲಿ ಡಬ್ಬಿಯ ಬೆಲ್ಲ ಬೆವರಿದೆ. ಮುಚ್ಚಳ ತೆಗೆದೊಡನೆ ಬಂದ ಹುಳಿಬೆರೆತ ಸಿಹಿ ವಾಸನೆ ನನ್ನನ್ನು ಇಂಡಿಗೆ, ಕಾಕಾನ ಕಿರಾಣಿ ಅಂಗಡಿಗೆ ಎಳೆದೊಯ್ದಿತು. ನಾನು ಹೈಸ್ಕೂಲಿನಿಂದಲೂ ದಿನಚರಿ ಬರೆಯುವವನು. ಅಂಗಡಿಗೆ ಬೆಲ್ಲ ಒಡೆದು ಬಂದ ವರ್ಷದ್ದನ್ನು ತೆಗೆದರೆ ಮಳೆ ಯಾವಾಗ ಬಂತು, ಚೀಲ ಎಷ್ಟು ಬಂದವು, ಎಲ್ಲ ಇದೆ. ಯಾರು ಯಾರ ಮೇಲೆ ಮುನಿಸಿಕೊಂಡರು ಎಂಬುದೇ ಇಲ್ಲ. ಲೆಕ್ಕ ಬರೆಯುವವರ ಹಣೆಬರಹವೇ ಇಷ್ಟು, ನಗಬೇಡಿ.

ನಮ್ಮ ಕಡೆ ಒಡೆದ ಬೆಲ್ಲವನ್ನು ಯಾರೂ ಕೊಳ್ಳುತ್ತಿರಲಿಲ್ಲ. ಪೆಂಟಿ, ಅಂದರೆ ಬೆಲ್ಲದ ಅಚ್ಚು, ಇಡಿಯಾಗಿರಬೇಕು. ಚೂರಾಗಿದ್ದರೆ ಇಲಿ ಮುಟ್ಟಿದ್ದು ಎಂದೇ ಅರ್ಥ. ನಾಗರ ಪಂಚಮಿಯ ಉಂಡಿಗೆಂದು ಬೆಲ್ಲ ರೈಲಿನಲ್ಲಿ ಇಂಡಿ ರೋಡ್ ಸ್ಟೇಶನ್ನಿಗೆ ಬಂದು, ಅಲ್ಲಿಂದ ಲಾಲಸಾಬನ ಎತ್ತಿನ ಚಕ್ಕಡಿಯಲ್ಲಿ ಊರು ಸೇರುತ್ತಿತ್ತು. ಲಾಲಸಾಬ, ಕಾಕಾ ಒಂದೇ ಶಾಲೆಯಲ್ಲಿ ಏಟು ತಿಂದ ಗೆಳೆಯರು. ಆ ಸಲ ಚೀಲ ಬಿಚ್ಚಿದರೆ ಅರ್ಧಕ್ಕರ್ಧ ಚೂರು, ಕೆಲವು ಒದ್ದೆ.

“ಚಕ್ಕಡ್ಯಾಗ ನಿದ್ದಿ ಹೊಡದೇನಲೇ?” ಎಂದ ಕಾಕಾ.

“ಸ್ಟೇಶನ್ದಾಗ ಹಮಾಲರು ಕಲ್ಲು ಒಗದಂಗ ಒಗದಾರ. ನಾ ಏನ್ ಮಾಡ್ಲಿ?”

“ಮುಂದಿನ ಮಾಲು ಬ್ಯಾರೆ ಗಾಡಿಗೆ ಹೇಳ್ತೇನಿ.”

ಲಾಲಸಾಬ ಹಗ್ಗ ಸುತ್ತುತ್ತ, “ಆತ್ರೀ ಸಾವ್ಕಾರ್ರ” ಎಂದ. ಅದುವರೆಗೆ ಅವನ ಬಾಯಲ್ಲಿ ಕಾಕಾ ಬರೀ ‘ದೋಸ್ತ’. ಕಾಕಾನ ಮುಖ ಇಳಿಯಿತು. ಆದರೂ ಆಡಿದ ಮಾತು ಹಿಂದಕ್ಕೆ ಬರಲಿಲ್ಲ.

ಮರ್ಯಾದೆಗೆ ಅಂಜಿ ಕಾಕಾ ಚೂರನ್ನೆಲ್ಲ ಒಳಕೋಣೆಯಲ್ಲಿ ಒಂದೇ ರಾಶಿ ಮಾಡಿ ಗೋಣಿತಟ್ಟು ಮುಚ್ಚಿದ. ಒದ್ದೆಯದು ಒಣಗಿದ್ದನ್ನೂ ಕೆಡಿಸತೊಡಗಿತು. ಗುಟ್ಟು ಇರುವೆಗಳಿಗೆ ಮೊದಲು ತಿಳಿಯಿತು, ಆಮೇಲೆ ಚಿಗವ್ವನಿಗೆ, ಅಂದರೆ ಕಾಕಾನ ಹೆಂಡತಿಗೆ.

“ಬೆಲ್ಲಾ ಏನ್ ಬಾಣಂತಿ ಏನ್ರೀ, ಹಿಂಗ ಬೆಚ್ಚಗ ಮುಚ್ಚೀರಿ? ಉಂಡಿ ಕಟ್ಟೋರು ಇಡೀ ಪೆಂಟಿ ಕಟ್ತಾರೇನು? ಕುಟ್ಟೇ ಕುಟ್ಟತಾರಲ್ಲ!”

“ಒಡದದ್ದು ಮಾರಿದ್ರ ಮಂದಿ ಏನಂದಾರು?”

“ಅನ್ನಾಕ ಬಾಯಿ ಖಾಲಿ ಇರಬೇಕಲ್ಲ?”

ಆಕೆ ಸೆರಗು ಸಿಕ್ಕಿಸಿ ಒಣಚೂರು, ಒದ್ದೆಚೂರು ಬೇರೆ ಮಾಡಿದಳು. ಒದ್ದೆಯದನ್ನು ಅಂದೇ ಕಾಸಿ ಎಳ್ಳುಂಡಿ ಕಟ್ಟಿ ಅಂಗಡಿಗೆ ಬಂದವರ ಕೈಗಿಟ್ಟಳು. ಒಣಚೂರನ್ನು ಶೇಂಗಾ ಬುಟ್ಟಿಯ ಪಕ್ಕ ಎಲ್ಲರಿಗೂ ಕಾಣುವಂತೆ ಇಟ್ಟು, ಇದ್ದದ್ದನ್ನೇ ಹೇಳಿದಳು: “ಹಾದ್ಯಾಗ ಒಡದೈತ್ರೆವ್ವಾ. ನಿಮಗ ಕುಟ್ಟೂ ಕೆಲಸ ಉಳೀತು.” ಹೆಂಗಸರು ನಕ್ಕರು, ಕೊಂಡರು. ಹಬ್ಬದ ಹಿಂದಿನ ದಿನ ಒಬ್ಬಾಕೆ ಇಡೀ ಪೆಂಟಿಯನ್ನು ಬದಿಗೆ ತಳ್ಳಿ ಚೂರೇ ಬೇಕೆಂದು ಹಟ ಹಿಡಿದಳು.

ಮಣ್ಣು ಹತ್ತಿದ್ದು ಮಾತ್ರ ಉಳಿಯಿತು. ಅದನ್ನು ಬುಟ್ಟಿಗೆ ತುಂಬಿ ಚಿಗವ್ವ ಕಾಕಾನ ಕೈಗೇ ಕೊಟ್ಟಳು. “ಲಾಲಸಾಬಣ್ಣನ ಎತ್ತಿಗೆ ಹಾಕಿ ಬರ್ರಿ. ಅವೂ ಪಂಚಮಿ ಮಾಡ್ಲಿ.”

ಕಾಕಾನ ಹಿಂದೆ ನಾನೂ ಹೋದೆ. ಎತ್ತುಗಳು ಬುಟ್ಟಿ ನೆಕ್ಕಿ ಮುಗಿಸಿದವು. ಕೊನೆಗೆ ಕಾಕಾ, “ಮುಂದಿನ ಮಾಲಿಗೆ ನಾನೂ ಸ್ಟೇಶನ್ನಿಗೆ ಬರ್ತೇನಿ. ಹಮಾಲರ ಕೈಲಿಂದ ಕೈಗೆ ಇಳಿಸ್ಕೊಳ್ಳೂಣು” ಎಂದ.

“ನಾ ಕೆಳಗ ತೊಗರಿ ಹೊಟ್ಟು ಹಾಸ್ತೇನಿ, ದೋಸ್ತ. ಆದ್ರ ನೀ ಗಾಡಿ ಹತ್ತಬ್ಯಾಡ, ಎತ್ತಿಗೆ ಭಾರ ಆಗ್ತೈತಿ. ನಡಕೊಂತ ಬಾ.”

ಹಾಗೆಯೇ ನಡೆಯಿತು. ಮುಂದೆ ಒಡೆಯುವುದು ಬಹಳ ಕಡಿಮೆಯಾಯಿತು.

ಈಗ ಮಾಲು ಲಾರಿಯಲ್ಲಿ ಬರುತ್ತದೆ. ಲಾಲಸಾಬ ಚಕ್ಕಡಿ ಬಿಟ್ಟಿದ್ದಾನೆ. ಆದರೂ ಅವನು ಬಂದು ಕಟ್ಟೆಯ ಮೇಲೆ ಕೂರುವವರೆಗೆ ಕಾಕಾ ಲಾರಿಯ ಹಗ್ಗ ಬಿಚ್ಚಗೊಡುವುದಿಲ್ಲ. ಈ ರವಿವಾರ ಮಾಲು ಇಳಿಯುವುದಿದೆ. ನಾನೂ ಹೋಗಿ ಚೀಲದ ಒಂದು ತುದಿ ಹಿಡಿಯಬೇಕೆಂದಿದ್ದೇನೆ. ಲಾಲಸಾಬ ಏನೆನ್ನುತ್ತಾನೆಂದು ಈಗಲೇ ಕೇಳಿಸುತ್ತಿದೆ: “ಲೇ ಸಾಲಿ ಕಲತಾಂವ, ಬೆಲ್ಲಾ ಐತದು, ಎರಡೂ ಕೈಲೆ ಹಿಡಿ!”