ಐದು ಗಂಟೆಗೆ ಎರಡು ವೇದಿಕೆ

ಕರಪತ್ರವನ್ನು ನಮ್ಮ ಮನೆಯವರು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದು, ಏನೂ ಹೇಳದೆ ಟಿ.ವಿ.ಯ ಮೇಲೆ ಇಟ್ಟರು. ಅವರು ಏನೂ ಹೇಳದೆ ಇಟ್ಟದ್ದನ್ನು ನಾನು ಕೂಡಲೇ ನೋಡಬೇಕು, ನೋಡಿ ಸಂತೋಷವನ್ನೂ ಪಡಬೇಕು ಎಂಬುದು ಮದುವೆಯಾದ ಮೂರು ವರ್ಷದಲ್ಲಿ ನಾನು ಕಲಿತ ಪಾಠ. ಬಳ್ಳಾರಿಯಲ್ಲಿ ಮೂರು ದಿನ ಸಂಗೀತದ ದೊಡ್ಡ ಹಬ್ಬ. ದುಡ್ಡು ಹಾಕಿದವರೆಲ್ಲ ಮೈನ್ಸ್ ಸಾಹುಕಾರರು. ಆ ವರ್ಷಗಳಲ್ಲಿ ನಮ್ಮ ಊರಲ್ಲಿ ಏನು ನಡೆದರೂ ಅವರದೇ ದುಡ್ಡು. ಸಾಮೂಹಿಕ ಮದುವೆಯಾಗಲಿ, ಕ್ರಿಕೆಟ್ಟಾಗಲಿ. ಹಾಳೆಯ ಮೇಲರ್ಧ ಪೂರ್ತಿ ಅವರ ಫೋಟೋಗಳು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಡುವವರು, ಬಾರಿಸುವವರು.

ಪೆನ್ಸಿಲ್ ತೆಗೆದುಕೊಂಡು ಕೂತೆ. ಮೂರು ದಿನ, ಇಪ್ಪತ್ತಕ್ಕೂ ಹೆಚ್ಚು ತಂಡ, ಊರಿನ ಬೇರೆ ಬೇರೆ ಕಡೆ ವೇದಿಕೆ. ಎಲ್ಲವನ್ನೂ ನೋಡುವುದು ಆಗದ ಮಾತು. ಮೊದಲ ದಿನದ ಹೈದರಾಬಾದ್ ಖವ್ವಾಲಿಗೆ ಗುರುತು ಹಾಕಿದೆ. ಎರಡನೇ ದಿನ ತೆಲುಗು ಹಾಡಿನವರಿಗೆ ಹಾಕಿದೆ. ಬೆಂಗಳೂರಿನಿಂದ ಬರುವ ಉದ್ದ ಕೂದಲಿನ ಹುಡುಗರ ಬ್ಯಾಂಡುಗಳಿಗೆ, ಆಗಲಿ ನೋಡೋಣ ಎಂದು ಒಂದು ಚುಕ್ಕೆ ಇಟ್ಟೆ. ಅಲ್ಲಿಯವರೆಗೆ ಖುಷಿಯಾಗಿಯೇ ಇದ್ದೆ. ಮೂರನೇ ದಿನ, ಸಂಜೆ ಐದು ಗಂಟೆ, ಮುಖ್ಯ ವೇದಿಕೆ: ನಮ್ಮ ಮನೆಯವರು ರಿದಂ ಪ್ಯಾಡ್ ಬಾರಿಸುವ ಆರ್ಕೆಸ್ಟ್ರಾ. ಅದೇ ದಿನ, ಅದೇ ಐದು ಗಂಟೆ, ಎರಡನೇ ವೇದಿಕೆ: ಸಿರುಗುಪ್ಪದ ಬ್ಯಾಂಡ್ ಸೆಟ್. ಅದು ನಮ್ಮಪ್ಪನದು. ಎರಡೂ ಸಾಲಿನ ಕೆಳಗೆ ಗೆರೆ ಎಳೆದು ಹಾಳೆಯನ್ನು ಮಡಚಿಟ್ಟೆ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಅಪ್ಪನೂ ಅದನ್ನೇ ಮಾಡಿದವನು. ಆದರೆ ಮದುವೆ ಸೀಜನ್ ಬಂದರೆ ಕೆಂಪು ಕೋಟು ತೊಟ್ಟು, ಕ್ಲಾರಿನೆಟ್ ಹಿಡಿದು, ಮೆರವಣಿಗೆಯ ಮುಂದೆ ನಡೆಯುತ್ತಿದ್ದ. ಬ್ಯಾಂಡಿನ ಉಳಿದವರು ರೈಸ್ ಮಿಲ್ಲಿನ ಹಮಾಲರು. ಸಿರುಗುಪ್ಪ, ಸಿರಿಗೇರಿ, ಮೋಕ ಎಂದು ಮೂವತ್ತು ವರ್ಷ ಎಷ್ಟೋ ಮದುಮಕ್ಕಳನ್ನು ಮನೆ ಮುಟ್ಟಿಸಿದ್ದಾನೆ. ಆದರೆ ಒಬ್ಬರೂ ಅವನ ಮುಂದೆ ಕೂತು ಕೇಳಿರಲಿಲ್ಲ. ಬ್ಯಾಂಡನ್ನು ಯಾರಾದರೂ ಕೂತು ಕೇಳುತ್ತಾರೆಯೇ? ಹಿಂದೆ ಕುಣಿಯುತ್ತಾರೆ, ಪಟಾಕಿ ಹಚ್ಚುತ್ತಾರೆ, ಕುದುರೆ ಬೆದರಿದರೆ ಬೈಯುತ್ತಾರೆ. ಯಾವ ಹಾಡು ಬಾರಿಸಬೇಕೆಂದು ಹೇಳುವವರೂ ಅವರೇ, ಸಾಕು ನಿಲ್ಲಿಸಿ ಎಂದು ಕೈ ಎತ್ತುವವರೂ ಅವರೇ.

ನಾನೂ ಕೇಳಿರಲಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಮೆರವಣಿಗೆ ಎದುರಾಗಿ ಕೆಂಪು ಕೋಟು ಕಂಡರೆ, ಗೆಳತಿಯರು ನಗುತ್ತಾರೆಂದು ಸಂದಿಗೆ ನುಗ್ಗುತ್ತಿದ್ದವಳು ನಾನು. ಅಪ್ಪ ಅದನ್ನು ನೋಡಿದ್ದನೋ ಇಲ್ಲವೋ, ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ. ಅವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಪ್ಪನಿಗೆ ಇದ್ದವಳು ನಾನೊಬ್ಬಳೇ.

ಮಾರನೇ ದಿನ ಫೋನ್ ಮಾಡಿದ. ಅವನು ಮೊದಲು ಕೇಳಿದ್ದು ಒಂದೇ ಮಾತು.

"ಕುರ್ಚಿ ಹಾಕ್ತಾರಂತ, ಖರೇ ಏನು ಯವ್ವಾ?"

ಖರೆ, ವೇದಿಕೆ ಅಂದಮೇಲೆ ಕುರ್ಚಿ ಹಾಕಲೇಬೇಕಲ್ಲ ಅಂದೆ. ಕರಪತ್ರವನ್ನು ಓದಿ ಹೇಳಿದೆ. ಬೆಂಗಳೂರಿನ ಬ್ಯಾಂಡುಗಳೂ ಬರುತ್ತವೆ ಎಂದಾಗ ಅವನಿಗೆ ದಿಗಿಲಾಯಿತು. ಅವರ ಕ್ಲಾರಿನೆಟ್ ಮಾಸ್ತರ ಯಾರು, ಕೋಟು ಯಾವ ಬಣ್ಣದ್ದು ಎಂದು ವಿಚಾರಿಸಿದ. ಅವರದು ಗಿಟಾರಿನ ಬ್ಯಾಂಡು, ಕೋಟೇ ಇಲ್ಲ, ಹರಿದ ಪ್ಯಾಂಟು ಹಾಕುತ್ತಾರೆ ಎಂದೆ. ಪಾಪ, ಅವರಿಗೂ ಸೀಜನ್ ಸರಿಯಾಗಿಲ್ಲವೇನೋ ಎಂದ. ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಅವನು ದನಿ ಇಳಿಸಿ, ನಿಮಗೆ ಬೇಕಾದ್ದು ಬಾರಿಸಿ ಎಂದು ಹಬ್ಬದವರು ಹೇಳಿದ್ದಾರೆ, ಎಂಟು ದಿನದಿಂದ ಏನು ಬಾರಿಸಬೇಕೆಂದೇ ತಿಳಿಯುತ್ತಿಲ್ಲ ಎಂದ. ಬೇಕಾದ್ದು ಎಂದು ಅವನನ್ನು ಯಾರೂ ಅದಕ್ಕೆ ಮುಂಚೆ ಕೇಳಿರಲಿಲ್ಲ. ಕಡೆಗೆ, ಚಿಕ್ಕವನಿದ್ದಾಗ ಉಸ್ತಾದರು ಕಲಿಸಿದ ಒಂದು ರಾಗವನ್ನು ಆರಿಸಿದ್ದ. ಮದುವೆಗಳಲ್ಲಿ ಅದು ಯಾರಿಗೂ ಬೇಡವಾದ ರಾಗ.

ಈ ಕಡೆ ನಮ್ಮ ಮನೆಯವರದು ಬೇರೆ ಕಥೆ. ಅವರು ಅದಿರು ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಚೀಟಿ ಬರೆಯುತ್ತಿದ್ದವರು. ಊರೆಲ್ಲ ಅಂಥ ಕೆಲಸಕ್ಕೆ ಮುಗಿಬೀಳುತ್ತಿದ್ದಾಗ ಇವರು ಬಿಟ್ಟು ಆರ್ಕೆಸ್ಟ್ರಾ ಸೇರಿದರು. ಅವತ್ತು ನಾನು ಬಾಯಿಗೆ ಬಂದಂತೆ ಮಾತಾಡಿದ್ದೆ. ನಿಮ್ಮ ಆ ಟಕಟಕ ಕೇಳಾಕ ಯಾರ್ ಬರ್ತಾರ ಅಂದಿದ್ದೆ. ಅವರು ಜಗಳವಾಡಲಿಲ್ಲ. ಪ್ಯಾಡನ್ನು ಒರೆಸಿ ಚೀಲಕ್ಕೆ ಹಾಕಿ ಹೊರಗೆ ಹೋದರು. ನನಗೆ ಸಿಟ್ಟು ಬೇಗ, ಪಶ್ಚಾತ್ತಾಪ ಅದಕ್ಕಿಂತ ಬೇಗ. ಆ ಮಾತು ಎರಡು ವರ್ಷವಾದರೂ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಈಗ ಅವರ ಪಾಲಿಗೆ ಮೊದಲ ಸಲ ಇಷ್ಟು ದೊಡ್ಡ ವೇದಿಕೆ. ಯಾವುದಕ್ಕೆ ಬರುತ್ತೀ ಎಂದು ಅವರು ಕೇಳಲೂ ಇಲ್ಲ. ನಾನೇ ಮಾತು ತೆಗೆದರೆ, ನಿನಗ ಎಲ್ಲಿ ಬೇಕೋ ಅಲ್ಲಿ ಹೋಗು ಎಂದು ಶೇವಿಂಗ್ ಕನ್ನಡಿಯಲ್ಲೇ ನೋಡುತ್ತ ಹೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಯಾಕೆ ಒಂದನ್ನೇ ಆರಿಸಬೇಕು, ಅರ್ಧ ಅಲ್ಲಿ ಅರ್ಧ ಇಲ್ಲಿ ನೋಡಬಹುದಲ್ಲ ಎಂದು ಉಪಾಯ ಹೂಡಿದೆ. ಒಂದೊಂದು ತಂಡಕ್ಕೆ ಮುಕ್ಕಾಲು ತಾಸು; ಮೊದಲ ಇಪ್ಪತ್ತು ನಿಮಿಷ ಅಪ್ಪನ ಮುಂದೆ, ಆಮೇಲೆ ಆಟೋ ಹಿಡಿದು ಗುಡ್ಡ ಸುತ್ತಿಕೊಂಡು ಮುಖ್ಯ ವೇದಿಕೆಯಿದ್ದ ದೊಡ್ಡ ಮೈದಾನಕ್ಕೆ. ಎರಡನೇ ವೇದಿಕೆ ಕೋಟೆ ಗುಡ್ಡದ ಆಚೆ ಒಂದು ಶಾಲೆಯ ಬಯಲಿನಲ್ಲಿತ್ತು. ಹಬ್ಬಕ್ಕೆ ನಾಲ್ಕು ದಿನ ಮುಂಚೆ, ಸಂಜೆ ಐದೂ ಇಪ್ಪತ್ತಕ್ಕೆ ಸರಿಯಾಗಿ, ಆ ಶಾಲೆಯ ಗೇಟಿನಿಂದ ಆಟೋ ಹತ್ತಿ ರಿಹರ್ಸಲ್ ಮಾಡಿದೆ. ಆಟೋದವನಿಗೆ ಕಾರಣ ಹೇಳಲಿಲ್ಲ, ಹೇಳಿದ್ದರೆ ತಲೆ ಸರಿಯಿಲ್ಲ ಎಂದುಕೊಳ್ಳುತ್ತಿದ್ದ. ರೈಲ್ವೆ ಗೇಟಿನವರೆಗೆ ಎಲ್ಲ ಸರಿಯಾಗಿತ್ತು. ಅಲ್ಲಿ ಗೇಟು ಬಿದ್ದಿತ್ತು. ಅದಿರು ತುಂಬಿದ ಗೂಡ್ಸು ನಿಧಾನಕ್ಕೆ ಬಂತು, ಅರ್ಧ ಹೋಗಿ ನಿಂತಿತು, ಯೋಚನೆ ಮಾಡಿ ಮತ್ತೆ ಹೊರಟಿತು. ಅದು ಹೋದಮೇಲೂ ಗೇಟು ಏಳಲಿಲ್ಲ, ಎದುರಿನಿಂದ ಖಾಲಿ ಗೂಡ್ಸು ಬರುವುದಿತ್ತು. ನನ್ನ ಸೀರೆ, ಆಟೋದ ಸೀಟು, ಎಲ್ಲದರ ಮೇಲೂ ಕೆಂಪು ಹುಡಿ. ನಾನು ಗಡಿಯಾರ ನೋಡುತ್ತ ಕೂತೆ. ಗೇಟು ಎದ್ದಾಗ ಐದೂ ಐವತ್ತು. ಮೈದಾನ ಮುಟ್ಟಿದಾಗ ಆರು ದಾಟಿತ್ತು. ಉಪಾಯ ಅಲ್ಲಿಗೆ ಮುಗಿಯಿತು.

ಅವತ್ತು ಮನೆಗೆ ಬಂದವಳೇ ಅಪ್ಪನಿಗೆ ಫೋನ್ ಮಾಡಿ ಇದ್ದ ವಿಷಯ ಹೇಳಿದೆ. ಗೇಟು, ಗೂಡ್ಸು, ಎಲ್ಲ.

"ನಂದೇನು ಬಿಡು ಯವ್ವಾ. ಹುಟ್ಟಿದಾಗಿಂದ ಕೇಳೇ ಕೇಳೀದಿ. ನೀ ಅಳಿಯಾರ ಕಡೆ ಹೋಗು, ನನ್ನ ಕಡೆ ಬರಾಕ ಬ್ಯಾಡ."

ನಮ್ಮ ಮನೆಯಲ್ಲಿ ಬೇಡ ಎಂಬುದಕ್ಕೆ ಬೇಡ ಎಂದೇ ಅರ್ಥವಲ್ಲ. ಊಟಕ್ಕೆ ಏಳು ಎಂದರೆ ಮೊದಲ ಸಲ ಬೇಡ ಎನ್ನಬೇಕು, ಅದು ಮರ್ಯಾದೆ. ಕರೆದವರು ಇನ್ನೊಮ್ಮೆ, ಮತ್ತೊಮ್ಮೆ ಕರೆಯಬೇಕು, ಅದೂ ಮರ್ಯಾದೆ. ಆಗ ಅಪ್ಪ ಲುಂಗಿ ಸರಿಮಾಡಿಕೊಂಡು ಏಳುತ್ತಾನೆ. ಇದು ನನಗೆ ಅಕ್ಷರ ಕಲಿಯುವ ಮುಂಚೆಯೇ ಗೊತ್ತಿತ್ತು. ಫೋನ್ ಹಿಡಿದುಕೊಂಡು ನಾನು ಇನ್ನೊಮ್ಮೆ ಕೇಳಬೇಕಿತ್ತು. ಆಯ್ತಪ್ಪಾ ಎಂದೆ. ಎದೆಯ ಭಾರ ಇಳಿದ ಹಾಗೆ ಆಯಿತು, ಸುಳ್ಳು ಯಾಕೆ ಹೇಳಲಿ. ಯಾರೋ ನನ್ನ ಬದಲಿಗೆ ತೀರ್ಮಾನ ಮಾಡಿದರಲ್ಲ ಎಂಬ ಸಮಾಧಾನ ಅದು.

ಮೂರನೇ ದಿನ ಮಧ್ಯಾಹ್ನವೇ ಕುರುಗೋಡಿನಿಂದ ಅತ್ತೆ ಬಸ್ಸಿಗೆ ಬಂದರು, ಸಜ್ಜೆ ರೊಟ್ಟಿ ಕಟ್ಟಿಕೊಂಡು. ಮಗ ವೇಬ್ರಿಡ್ಜ್ ಬಿಟ್ಟದ್ದಕ್ಕೆ ನನ್ನಷ್ಟೇ ಅತ್ತವರು ಅವರು. ಆ ಜನದಾಗ ನಾ ಒಬ್ಬಾಕಿ ಕೂಡಾಕ ಆಗಂಗಿಲ್ಲ, ನೀ ಬಾಜೂಕ ಇರಬೇಕು ಎಂದರು. ನಾಲ್ಕಕ್ಕೇ ಹೋಗಿ ಏಳನೇ ಸಾಲಿನಲ್ಲಿ ಎರಡು ಕುರ್ಚಿ ಹಿಡಿದೆವು. ಐದಾಯಿತು. ವೇದಿಕೆಯ ಮೇಲೆ ಬರೀ ಮೈಕು. ಅಪ್ಪ ಈಗ ಶುರು ಮಾಡಿರಬೇಕು ಎಂದುಕೊಂಡೆ. ಐದೂ ಹತ್ತಕ್ಕೆ ಕಾರುಗಳು ಬಂದವು, ಒಂದರ ಹಿಂದೆ ಒಂದು. ಹಾರ, ಶಾಲು, ಪೇಟ. ಒಬ್ಬರು ಮಾತಾಡಿದರು. ಅವರು ಮಾತಾಡಿದ್ದಕ್ಕೆ ವಂದಿಸಿ ಇನ್ನೊಬ್ಬರು ಮಾತಾಡಿದರು.

ಎದ್ದು ಹೋಗಲೇ ಎಂದು ಐದೂವರೆಯವರೆಗೆ ಎಷ್ಟು ಸಲ ಕುರ್ಚಿಯ ತುದಿಗೆ ಬಂದೆನೋ ಗೊತ್ತಿಲ್ಲ. ಎದ್ದರೆ ಕುರ್ಚಿ ಹೋಗುತ್ತದೆ. ಕುರ್ಚಿ ಹೋಗಲಿ, ಅತ್ತೆಯನ್ನು ಏನು ಮಾಡುವುದು? ನಾನು ಅತ್ತ ಹೋದ ಕೂಡಲೇ ಇತ್ತ ಆರ್ಕೆಸ್ಟ್ರಾ ಶುರುವಾದರೆ? ಗೇಟು ಬಿದ್ದಿದ್ದರೆ ಎರಡೂ ಇಲ್ಲ. ಅತ್ತೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ನಾನು ಕಾಲು ಅಲುಗಿಸುವುದನ್ನು ನಿಲ್ಲಿಸಿದರು. ಭಾಷಣಗಳು ಮುಗಿಯುವ ಹೊತ್ತಿಗೆ ಆರೂಮುಕ್ಕಾಲು. ಅಪ್ಪನದು ಶುರುವಾಗಿ, ಮುಗಿದು, ಕ್ಲಾರಿನೆಟ್ ಪೆಟ್ಟಿಗೆ ಸೇರಿಯೂ ಒಂದು ತಾಸಾಗಿರುತ್ತದೆ ಎಂದು ಲೆಕ್ಕ ಹಾಕಿದೆ. ಆ ಇಡೀ ಹೊತ್ತು ನಾನು ಯಾರದೋ ಸನ್ಮಾನ ನೋಡುತ್ತ ಕೂತಿದ್ದೆ.

ಏಳಕ್ಕೆ ದೀಪಗಳು ಹತ್ತಿದವು. ಆರ್ಕೆಸ್ಟ್ರಾ ಜೋರಾಗಿಯೇ ಇತ್ತು, ಜನ ಶಿಳ್ಳೆ ಹೊಡೆದರು. ಮುಂದೆ ಹಾಡುವವರು, ಅವರ ಪಕ್ಕ ಕುಣಿಯುವವರು, ಅವರ ಹಿಂದೆ ಕೀಬೋರ್ಡು, ಅದರ ಹಿಂದೆ ಇವರು. ಒಮ್ಮೆ ಮೊಣಕೈ ಕಂಡಿತು, ಒಮ್ಮೆ ತಲೆ. ಮೊಣಕೈ ಕಂಡಾಗಲೆಲ್ಲ ಅತ್ತೆ, ಅದೇ ನೋಡು, ಅಂವನೇ ನೋಡು ಎಂದು ಪಕ್ಕದ ಗುರುತಿಲ್ಲದ ಹೆಂಗಸಿಗೂ ತೋರಿಸಿದರು. ನಾನು ಎದ್ದು ನಿಂತು ಕೈ ಎತ್ತಿ ಬೀಸಿದೆ, ಹಿಂದಿನವರು ಬೈಯುವವರೆಗೂ.

ಮುಗಿದ ಮೇಲೆ ವೇದಿಕೆಯ ಹಿಂದೆ ಹೋದೆವು. ಇವರು ಬೆವರು ಒರೆಸಿಕೊಳ್ಳುತ್ತ ಅತ್ತೆಯ ಕೈ ಹಿಡಿದುಕೊಂಡರು. ಆಮೇಲೆ ನನ್ನನ್ನು ನೋಡಿ, ನೀನೂ ಬಂದಿದ್ದಿಯೇನು ಎಂದರು. ಖುಷಿಯಾಗಿತ್ತು ಅವರಿಗೆ, ಅದು ಮುಖದಲ್ಲಿಯೇ ಇತ್ತು.

"ಎಲ್ಲಿ ಕುಂತಿದ್ದಿ? ಲೈಟು ಕಣ್ಣಿಗೇ ಹೊಡೀತಿತ್ತು. ಮುಂದ ಬರೀ ಕತ್ತಲಿ. ಮಂದಿ ಅದಾರೋ ಇಲ್ಲೋ ಸತ ಗೊತ್ತಾಗಲಿಲ್ಲ."

ಏಳನೇ ಸಾಲು ಎಂದು ಹೇಳಿದೆ.

ಅಪ್ಪ ಆ ರಾತ್ರಿ ಬ್ಯಾಂಡಿನವರ ಜೊತೆ ಎಲ್ಲೋ ಉಳಿದು, ಬೆಳಿಗ್ಗೆ ಸಿರುಗುಪ್ಪದ ಬಸ್ಸಿಗೆ ಮುಂಚೆ ನಮ್ಮ ಮನೆಗೆ ಬಂದ. ಇವರು ಅತ್ತೆಯನ್ನು ಕುರುಗೋಡಿನ ಬಸ್ಸಿಗೆ ಹತ್ತಿಸಲು ಹೋಗಿದ್ದರು. ಅಪ್ಪನ ಮುಖ ನೋಡಲು ನನಗೆ ಭಯ. ಸಿಟ್ಟಾಗಿರುತ್ತಾನೆ, ಇಲ್ಲ ಬೇಜಾರಾಗಿರುತ್ತಾನೆ ಎಂದುಕೊಂಡಿದ್ದೆ. ಅವನು ಚಹಾಕ್ಕೂ ಕಾಯದೆ ಹೇಳತೊಡಗಿದ.

"ಹದಿನಾಕು ಮಂದಿ ಯವ್ವಾ. ಕುಂತು ಕೇಳಿದ್ರು."

ಮುನ್ನೂರು ಕುರ್ಚಿ ಹಾಕಿದ್ದರಂತೆ. ಜನರೆಲ್ಲ ದೊಡ್ಡ ಮೈದಾನದ ಕಡೆಗೇ ಹೋಗಿದ್ದರು. ಅಪ್ಪನ ವೇದಿಕೆಗೆ ದೊಡ್ಡವರು ಯಾರೂ ಬರಲಿಲ್ಲವಾದ್ದರಿಂದ ಸರಿಯಾಗಿ ಐದಕ್ಕೇ ಶುರು. ಹದಿನಾಲ್ಕು ಮಂದಿ ಯಾರು ಯಾರು ಎಂದು ಅಪ್ಪ ಒಬ್ಬೊಬ್ಬರನ್ನೂ ಹೇಳಿದ. ಇಬ್ಬರು ಪೊಲೀಸರು. ಹೂವಿನ ಪುಟ್ಟಿ ಪಕ್ಕಕ್ಕಿಟ್ಟು ಕೂತ ಹೆಂಗಸರು ಮೂವರು. ಕಣ್ಣು ಮುಚ್ಚಿ ಕೇಳಿದ ಒಬ್ಬ ಮುದುಕ. ನಿದ್ದೆಯೇ ಮಾಡಿದನೋ ಏನೋ ಎಂದು ಅಪ್ಪನೇ ನಕ್ಕ. ಬಿಸಿಲು ಇನ್ನೂ ಇತ್ತಂತೆ, ಎಲ್ಲರ ಮುಖವೂ ನಿಚ್ಚಳವಾಗಿ ಕಾಣುತ್ತಿತ್ತಂತೆ. ನಡೆದು ನಡೆದು ರೂಢಿಯಾದ ಕಾಲು ಒಂದೇ ಕಡೆ ನಿಲ್ಲದೆ, ಬ್ಯಾಂಡಿನವರೆಲ್ಲ ವೇದಿಕೆಯ ಈ ತುದಿಯಿಂದ ಆ ತುದಿಗೆ ಸಾಲಾಗಿ ಓಡಾಡಿದ್ದರು. ಸಾಕು ಎಂದು ಕೈ ಎತ್ತುವವರು ಯಾರೂ ಇಲ್ಲದೆ ಹೇಗೆ ನಿಲ್ಲಿಸಬೇಕೆಂದೇ ತಿಳಿಯದೆ, ಮೈಕಿನವನು ಬಂದು ಭುಜ ಮುಟ್ಟುವವರೆಗೂ ಬಾರಿಸಿದ್ದರು. ಉಸ್ತಾದರ ರಾಗವನ್ನೂ ಬಾರಿಸಿದೆಯಾ ಎಂದು ಕೇಳಿದೆ. ಬಾರಿಸಿದೆ, ಮೊದಲಿಗೆ ಸ್ವಲ್ಪ ತಪ್ಪಿತು ಎಂದ.

ಆಮೇಲೆ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ನನ್ನ ಕಡೆ ತಿರುಗಿದ.

"ಅಳಿಯಾರು ಹೆಂಗ ಬಾರಿಸಿದ್ರು?"

ಚಲೋ ಬಾರಿಸಿದರು ಎಂದೆ.

"ಬಾರಿಸ್ದೇ ಏನು ಮಾಡ್ತಾರ, ನೀ ಮುಂದ ಕುಂತಿದ್ದಿಯಲ್ಲ. ಆ ಮಂದ್ಯಾಗ ನಮ್ಮೋರ ಮುಖ ಒಂದು ಕಂಡ್ರ ಸಾಕು ನೋಡು ಯವ್ವಾ, ಕೈ ನಡಗೂದು ನಿಲ್ತೈತಿ."

ಹೌದಪ್ಪಾ ಎಂದೆ.